ವಾರಗಿತ್ತಿಯ ಕೈಗೆ ಎರೆದ ನೀರು

ಶಿಕಾರಿಪುರದ ನಮ್ಮ ಅತ್ತೆಯವರ ಮನೆಯಲ್ಲಿ ಅಡುಗೆಮನೆಯ ಹೊಸ್ತಿಲಿನ ಬಲಮಗ್ಗುಲಿಗೆ ಒಂದು ಮಣೆ, ಆ ಮಣೆಯ ಮೇಲೆ ಒಂದು ಹಿತ್ತಾಳೆಯ ಚೊಂಬು. ಹಿತ್ತಲಿನಿಂದ ಬಂದವರಾಗಲಿ, ಬೀದಿಯಿಂದ ಬಂದವರಾಗಲಿ, ಕೊಟ್ಟಿಗೆಯಿಂದ ಬಂದವರಾಗಲಿ, ಆ ಚೊಂಬನ್ನು ಎತ್ತಿ ಬಚ್ಚಲಕಲ್ಲಿನ ಮೇಲೆ ಕೈಕಾಲಿಗೆ ನೀರು ಹಾಕಿಕೊಳ್ಳದೆ ಒಳಗೆ ಹೆಜ್ಜೆ ಇಡುವಂತಿರಲಿಲ್ಲ. ನಸುಕಿನಲ್ಲಿ ಹುಣಸೇಹಣ್ಣು ಹಚ್ಚಿ ಅದನ್ನು ಬೆಳಗುವುದು ನನ್ನ ಕೆಲಸ. ಸೂರ್ಯೋದಯದ ಹೊತ್ತಿಗೆ ಅದು ದೇವರ ಮುಂದಿನ ದೀಪದಂತೆ ಹೊಳೆಯುತ್ತಿತ್ತು. ಅತ್ತೆಯವರು ಅದನ್ನು ನೋಡಿ ಏನೂ ಅನ್ನುತ್ತಿರಲಿಲ್ಲ. ಅವರು ಏನೂ ಅನ್ನದಿದ್ದರೆ ಕೆಲಸ ಸರಿಯಾಗಿದೆ ಎಂದು ಅರ್ಥ. ಹಿರಿಯ ಸೊಸೆಯಾದ ನಾನು ಮದುವೆಯಾದಂದಿನಿಂದ ಆ ಮೌನವನ್ನೇ ಪ್ರಸಾದವೆಂದು ಸ್ವೀಕರಿಸಿಕೊಂಡು ಬಂದಿದ್ದೆ.

ನನ್ನ ತವರು ಬಳ್ಳಿಗಾವಿಯ ಹತ್ತಿರದ ಒಂದು ಹಳ್ಳಿ. ತಂದೆಯವರು ಸಂಸ್ಕೃತದಲ್ಲಿ ಪಂಡಿತರು. ಗಂಡುಮಕ್ಕಳು ಇರಲಿಲ್ಲವಾಗಿ ಶಬ್ದರೂಪಗಳನ್ನೂ ಧಾತುಗಳನ್ನೂ ನನಗೇ ಬಾಯಿಪಾಠ ಮಾಡಿಸಿದ್ದರು. ಶೌಚವಿಧಿಯನ್ನು ಕೂಡ ಅವರು ಪಾಠದಂತೆಯೇ ಹೇಳಿಕೊಟ್ಟಿದ್ದರು: ಯಾವ ಕೈಗೆ ಎಷ್ಟು ಮಣ್ಣು, ಯಾವಾಗ ಆಚಮನ, ಯಾವುದು ಎಂಜಲು, ಯಾವುದು ಮುಸುರೆ. ಹೊರಗಿನ ಶುದ್ಧಿ ಮಣ್ಣು ನೀರುಗಳಿಂದ, ಒಳಗಿನ ಶುದ್ಧಿ ಭಾವದಿಂದ ಎಂದು ಕೊನೆಗೆ ತಪ್ಪದೆ ಸೇರಿಸುತ್ತಿದ್ದರು. ಮೊದಲನೆಯ ಪಾಠ ನನಗೆ ಚೆನ್ನಾಗಿ ಬಂದಿತ್ತು. ಎರಡನೆಯದರ ಪರೀಕ್ಷೆ ನಡೆದದ್ದು ಐವತ್ತರ ದಶಕದ ಕೊನೆಯಲ್ಲಿ, ನನ್ನ ಮೈದುನನ ಮದುವೆಯಾಗಿ ಸೊರಬದ ಕಡೆಯ ಹುಡುಗಿಯೊಬ್ಬಳು ನನಗೆ ವಾರಗಿತ್ತಿಯಾಗಿ ಬಂದ ಮೇಲೆ.

ಅವಳು ಬಂದ ಮರುದಿನವೇ ಚೊಂಬಿನ ಮುಂದೆ ನಿಂತು ನಕ್ಕಳು.

“ಅಕ್ಕಯ್ಯ, ನಿಮ್ಮಲ್ಲಿ ಕೈ ತೊಳೀಲಿಕ್ಕೂ ಮಂತ್ರ ಹೇಳ್ಬೇಕಾ ಎಂಥ?”

ನಾನು ಗಂಭೀರವಾಗಿ ಕ್ರಮವನ್ನು ವಿವರಿಸಿದೆ. ಅವಳು ತಲೆಯಾಡಿಸುತ್ತ ಕೇಳಿದಳು. ಕೇಳಿ ಮುಗಿಸಿ, “ಇಷ್ಟೆಲ್ಲ ಮಾಡೋ ಹೊತ್ತಿಗೆ ನಂಗೆ ಹಸಿವು ಹೋಗಿ ನಿದ್ದೆ ಬರ್ತದೆ” ಎಂದಳು. ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆಯವರು ಗಟ್ಟಿಯಾಗಿ ನಕ್ಕರು. ನಾನು ಆ ಮನೆಗೆ ಬಂದು ವರ್ಷಗಳಾಗಿದ್ದವು. ನನ್ನ ಯಾವ ಮಾತಿಗೂ ಅವರು ಹಾಗೆ ನಕ್ಕಿರಲಿಲ್ಲ. ಆ ನಗೆ ನನ್ನ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಆಮೇಲೆ ಒಂದೊಂದಾಗಿ ಮುಳ್ಳುಗಳು ಸೇರಿದವು. ಅವಳು ಮಾಡಿದ ತಿಳಿಸಾರನ್ನು ಮಾವನವರ ಶ್ರಾದ್ಧಕ್ಕೆ ಬಂದ ಬಂಧುಗಳು ಹೊಗಳಿದರು. ಅವಳು ಹೆಪ್ಪು ಹಾಕಿದ ಮೊಸರು ಗಡ್ಡೆ ಕಟ್ಟಿತು. ಅದೇ ಹಾಲು, ಅದೇ ಹೆಪ್ಪು, ನಾನು ಹಾಕಿದ ದಿನ ನೀರಾಯಿತು. “ಈ ಹುಡುಗಿ ಕೈಲಿ ಏನೋ ಅದೆ ನೋಡೇ” ಎಂದು ಅತ್ತೆಯವರು ನನಗೇ ಹೇಳಿದರು. ನಾನು “ಹೌದು” ಎಂದೆ. ನನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

ಇದು ಬರೀ ಸಾರು ಮೊಸರಿನ ಮಾತಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ನಮ್ಮ ಮನೆಯಲ್ಲಿ ನವರಾತ್ರಿಗೆ ದೇವಿಗೆ ದಿನವೂ ನೈವೇದ್ಯ. ಆ ಅಡುಗೆಯನ್ನು ಮನೆಯಲ್ಲಿ ಒಬ್ಬರೇ ಮಾಡಬೇಕು. ಸೌಟು ಒಬ್ಬರ ಕೈಗೆ ಬಂದರೆ ಅವರ ಕೈಸೋಲುವವರೆಗೆ ಅವರದೇ. ಅತ್ತೆಯವರಿಗೆ ಅವರ ಅತ್ತೆಯಿಂದ ಬಂದದ್ದು. ಈಗ ಅವರ ಮಣಿಕಟ್ಟು ನಡುಗುತ್ತಿತ್ತು, ಪಾತ್ರೆ ಇಳಿಸಲಾಗುತ್ತಿರಲಿಲ್ಲ. ಬರುವ ನವರಾತ್ರಿಗೆ ಸೌಟು ಕೈಬಿಡುತ್ತೇನೆ ಎಂದು ಅವರು ಹೇಳಿದ್ದರು. ಯಾರ ಕೈಗೆ ಎಂದು ಹೇಳಿರಲಿಲ್ಲ. ಹಿರಿಯ ಸೊಸೆ ಇರುವಾಗ ಅದನ್ನು ಹೇಳುವ ಅಗತ್ಯವೂ ಇರಲಿಲ್ಲ ಎಂದು ಸೊರಬದ ಹುಡುಗಿ ಬರುವವರೆಗೆ ನಾನು ತಿಳಿದಿದ್ದೆ. ದೇವಿಯ ಪಾಕವನ್ನು ನನ್ನ ಕೈಯಿಂದ ಮಾಡಬೇಕೆಂಬುದನ್ನು ಬಿಟ್ಟರೆ ಆ ಮನೆಯಲ್ಲಿ ನಾನು ಬೇರೆ ಏನನ್ನೂ ಬಯಸಿದವಳಲ್ಲ.

ಆ ಬೇಸಿಗೆಯಲ್ಲಿ ಅವಳ ತಮ್ಮನ ಉಪನಯನಕ್ಕೆಂದು ಬಸ್ಸಿನಲ್ಲಿ ಸೊರಬಕ್ಕೆ, ಅಲ್ಲಿಂದ ಗಾಡಿಯಲ್ಲಿ ಅವಳ ಹಳ್ಳಿಗೆ ಹೋದೆವು. ಮನೆಯ ಹಿಂದೆ ಗುಡ್ಡ. ಗುಡ್ಡದ ಒರತೆಯಿಂದ ಸೀಳಿದ ಬಿದಿರಿನ ದಂಬೆಯಲ್ಲಿ ನೀರು ಹರಿದು ಬಂದು ಹಿತ್ತಲಿನ ಕಲ್ಲಿನ ಮೇಲೆ ಹಗಲಿರುಳು ಬೀಳುತ್ತಿತ್ತು. ಊಟಕ್ಕೆ ಮುಂಚೆ ಕೈ ತೊಳೆಯಲು ಹೋದವಳು ಸುತ್ತಲೂ ನೋಡಿದೆ.

“ಎಂಥ ಹುಡುಕ್ತೀರಿ ಅಕ್ಕಯ್ಯ?”

“ಚೊಂಬು ಎಲ್ಲಿ?”

“ಚೊಂಬು ಎಂಥಕ್ಕೆ? ಕೈ ಒಡ್ಡಿ. ನೀರೇ ನಿಮ್ಮ ಹತ್ರ ಬರ್ತದಲ್ಲ.”

ಕೈ ಒಡ್ಡಿದೆ. ತಣ್ಣನೆಯ, ಕಾಡಿನ ಎಲೆಯ ವಾಸನೆಯ ನೀರು. ನಮ್ಮ ಮನೆಯಲ್ಲಿ ಬಾವಿಯಿಂದ ಸೇದಿ, ಹೊತ್ತು, ಹಂಡೆ ತುಂಬಿ, ಹಂಡೆಯಿಂದ ಚೊಂಬಿಗೆ ಮೊಗೆಯುವ ನೀರು ಇವಳಿಗೆ ಹುಟ್ಟಿದಂದಿನಿಂದ ಕೇಳದೆಯೇ ಕೈಗೆ ಬಿದ್ದಿದೆ! ನೀರಿನ ಮೇಲೂ ಹೊಟ್ಟೆಕಿಚ್ಚು ಪಡಬಹುದು ಎಂದು ನನಗೆ ಅಂದು ತಿಳಿಯಿತು.

ಶ್ರಾವಣದಲ್ಲಿ, ನಾಗರಪಂಚಮಿ ಕಳೆದ ಮೇಲೆ, ಊರಿನಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ಮೊದಲು ಪೇಟೆಬೀದಿ, ಆಮೇಲೆ ನಮ್ಮ ಬೀದಿ. ಕಾಲರಾ ಎಂಬ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ಬಂದೀತೆಂಬ ಭಯ. ನಮ್ಮ ಮನೆಯಲ್ಲಿ ಮೊದಲು ಮಲಗಿದವಳು ನನ್ನ ಪುಟ್ಟ ಮಗಳು. ಬೆಳಗಿನ ಹಾಲನ್ನೆಲ್ಲ ನನ್ನ ಮಡಿಲಿಗೇ ಕಕ್ಕಿದಳು. ನಮ್ಮ ಯಜಮಾನರು ಡಾಕ್ಟರನ್ನು ಕರೆತಂದರು.

“ಹೆದರಬೇಡಿ ತಾಯಿ, ಇದು ಅದಲ್ಲ” ಎಂದರು ಡಾಕ್ಟರು. “ಎರಡು ದಿನ ಹಿಂಡಿ ಹಿಪ್ಪೆ ಮಾಡಿ ಬಿಟ್ಟು ಹೋಗ್ತದೆ. ಆದ್ರೆ ಒಬ್ಬರಿಂದ ಒಬ್ಬರಿಗೆ ದಾಟೋದ್ರಲ್ಲಿ ಬಹಳ ಚುರುಕು. ನೀರು ಕುದಿಸಿ ಕುಡೀರಿ. ಸೋಪು ಹಾಕಿ ಕೈ ತೊಳೀರಿ.”

“ಸೋಪು ದೇವರ ಅಡುಗೆಮನೆ ಹತ್ರ ಬರೋ ಹಂಗಿಲ್ಲ ಡಾಕ್ಟ್ರೇ” ಎಂದರು ಅತ್ತೆಯವರು ಬಾಗಿಲ ಮರೆಯಿಂದ. “ಅದ್ರಾಗೆ ಯಾವ ಪ್ರಾಣಿ ಕೊಬ್ಬು ಇರ್ತದೋ ಯಾರಿಗೆ ಗೊತ್ತು!”

“ಸೀಗೇಕಾಯಿ ಪುಡಿ ಹಾಕಿ, ಬೂದಿ ಹಾಕಿ. ಏನಾದ್ರೂ ಹಾಕಿ ಉಜ್ಜಿ ತೊಳೀರಿ. ಕೈಗೆ ಸುಮ್ನೆ ನೀರು ತೋರಿಸಿ ಬರಬೇಡಿ ಅಷ್ಟೇ.”

ಕೈ ತೊಳೆಯುವ ವಿಷಯದಲ್ಲಿ ನನಗೆ ಪಾಠ ಹೇಳುವವರು ಬೇಕಿರಲಿಲ್ಲ. ಮಗುವನ್ನು ಮುಟ್ಟಿ ತೊಳೆದೆ, ಬಟ್ಟೆ ಒಗೆದು ತೊಳೆದೆ, ಒಳಗೆ ಹೋಗುವಾಗ ತೊಳೆದೆ. ಸೀಗೇಕಾಯಿಯ ಉರಿಗೆ ಬೆರಳ ಸಂದಿಗಳು ಬಿರಿದವು. ಆದರೂ ಎರಡನೆಯ ಸಂಜೆ ಹಿತ್ತಲಿನ ಗೋಡೆ ಹಿಡಿದುಕೊಂಡು ಕುಸಿದೆ. ನನ್ನ ಹಿಂದೆಯೇ ಯಜಮಾನರು, ಆಮೇಲೆ ಮೈದುನ, ಕೊನೆಗೆ ಅತ್ತೆಯವರು. ಪಕ್ಕದ ಮನೆಯವರು ಗಂಜಿಯ ಪಾತ್ರೆಯನ್ನು ಜಗಲಿಯ ತುದಿಯಲ್ಲಿಟ್ಟು, ಕೂಗಿ ಹೇಳಿ, ತಿರುಗಿ ನೋಡದೆ ಹೋಗುತ್ತಿದ್ದರು.

ಅವಳೊಬ್ಬಳಿಗೆ ಬರಲಿಲ್ಲ.

ಮಗುವಿಗೆ ವಾಂತಿ ಶುರುವಾದ ಬೆಳಿಗ್ಗೆಯೇ ಅವಳು ಹೊರಗಾಗಿದ್ದಳು. ತಿಂಗಳ ಆ ಮೂರು ದಿನ ಹೆಂಗಸರು ಪಕ್ಕದ ಜಗಲಿಯಲ್ಲಿ ಕೂರುವುದು ಆಗಿನ ಪದ್ಧತಿ. ಅವಳಿಗೆ ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಅವಳು ಮನೆಯ ಯಾವ ವಸ್ತುವನ್ನೂ ಮುಟ್ಟುವಂತಿರಲಿಲ್ಲ. ನೀರು ಬೇಕೆಂದರೆ ಯಾರಾದರೂ ಚೊಂಬು ತಂದು, ತಾಗದಂತೆ ಮೇಲಿನಿಂದ ಅವಳ ಕೈಗೆ ಎರೆಯಬೇಕು. ನಾವು ಒಳಗೆ ಒಬ್ಬರ ಪಕ್ಕ ಒಬ್ಬರು ಮಲಗಿ ನರಳುತ್ತಿರುವಾಗ ಅವಳು ಜಗಲಿಯಲ್ಲಿ ಮೊಣಕಾಲು ತಬ್ಬಿ ಕುಳಿತು, “ಅಕ್ಕಯ್ಯ, ಹೆಂಗಿದೀರಿ? ನಾನು ಒಳಗೆ ಬಂದ್ಬಿಡ್ಲಾ? ಮಡಿ ಹಾಳಾದ್ರೆ ಆಗ್ಲಿ” ಎಂದು ಅಳುವ ದನಿಯಲ್ಲಿ ಕೇಳುತ್ತಿದ್ದಳು. “ಅಲ್ಲೇ ಕೂತಿರು” ಎಂದು ನಾನೇ ಗದರಿದೆ.

ಸ್ನಾನವಾಗಿ ಅವಳು ಒಳಗೆ ಬರುವ ಹೊತ್ತಿಗೆ ಬೇನೆಯ ಜೋರು ಇಳಿದಿತ್ತು. ಅವಳು ಹಂಡೆಯಲ್ಲಿ ಬಟ್ಟೆಬರೆಗಳನ್ನೆಲ್ಲ ಕುದಿಸಿದಳು, ನೆಲ ಸಾರಿಸಿದಳು, ದಾಳಿಂಬೆ ಸಿಪ್ಪೆಯ ಕಷಾಯ ಕಾಸಿದಳು, ಗಂಜಿಗೆ ಚಿಟಿಕೆ ಉಪ್ಪು ಹಾಕಿ ಎಲ್ಲರಿಗೂ ಕುಡಿಸಿದಳು. ಅದೇ ದಿನ ಎಲ್ಲರೂ ಎದ್ದು ಕುಳಿತೆವು. ಎದ್ದು ಕೂರುವ ದಿನವೇ ಅದು. ಡಾಕ್ಟರು ಹೇಳಿದಂತೆ ಬೇನೆ ಬಿಟ್ಟು ಹೋಗುವ ದಿನ. ಆದರೆ ಅತ್ತೆಯವರು ಗಂಜಿಯ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು: “ಕೈಗುಣ ಅಂದ್ರೆ ಇದು. ಬ್ಯಾನೆ ಇವಳನ್ನ ಮುಟ್ಟಲಿಲ್ಲ. ಇವಳು ಮುಟ್ಟಿದವರನ್ನ ಬಿಟ್ಟು ಹೋಯ್ತು.”

ನನ್ನ ಬಿರಿದ ಬೆರಳುಗಳನ್ನು ಯಾರೂ ನೋಡಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕೈ ತೊಳೆದವಳು ನಾನು. ಮಗುವಿನ ನಂತರ ಮೊದಲು ಬಿದ್ದವಳೂ ನಾನು. ಹೊಸ್ತಿಲ ಬಳಿ ನಿಂತು ಹಾಸ್ಯ ಮಾಡಿದವಳು ಗಟ್ಟಿಯಾಗಿ ಉಳಿದಳು. ಹಾಗಿದ್ದರೆ ಶೌಚವೆಂಬುದು ಸುಳ್ಳೇ? ತಂದೆಯವರು ಕಲಿಸಿದ್ದು ಸುಳ್ಳೇ? ಮಲಗಿದಲ್ಲಿಂದ ಇದೇ ಪ್ರಶ್ನೆ. ಶಾಸ್ತ್ರದ ಮೇಲಿನ ಶ್ರದ್ಧೆಯಿಂದ ಅದು ಹುಟ್ಟಿತೆಂದು ಹೇಳಿದರೆ ದೇವರು ಮೆಚ್ಚಲಾರ. ಅವಳಿಗೆ ಕೈಗುಣವಿಲ್ಲ ಎಂಬುದು ನನಗೆ ತುರ್ತಾಗಿ ಬೇಕಾಗಿತ್ತು. ಮತ್ಸರದ ಕಣ್ಣಿಗೆ ರೆಪ್ಪೆಯಿಲ್ಲ. ಭಕ್ತಿಯಿಂದ ಅಷ್ಟು ವರ್ಷ ಬೆಳಗಿದರೂ ಕಾಣದಿದ್ದದ್ದು ಆ ಕಣ್ಣಿಗೆ ಕಂಡಿತು.

ಕಂಡದ್ದು ಶ್ರಾವಣ ಶುಕ್ರವಾರದ ಬೆಳಿಗ್ಗೆ. ಅತ್ತೆಯವರು ನೈವೇದ್ಯದ ಅಡುಗೆಗೆಂದು ಅರಿಶಿನ ತೇದು, ಅದೇ ಕೈಯಿಂದ ಚೊಂಬಿನ ಕತ್ತು ಹಿಡಿದೆತ್ತಿ, ಬೆರಳುಗಳನ್ನು ಸೊಗಸಾಗಿ ಉಜ್ಜಿ ತೊಳೆದುಕೊಂಡು ಒಳಗೆ ಹೋದರು. ಅವರ ಹಿಂದೆ ನಾನು ಕೊಟ್ಟಿಗೆಯಿಂದ ಬಂದೆ. ಎಡಗೈಯಿಂದ ಚೊಂಬು ಎತ್ತಿ ಬಲಗೈಗೆ ನೀರು ಹಾಕಿಕೊಂಡೆ, ಕಾಲಿಗೆ ಹಾಕಿಕೊಂಡೆ, ಹೊಸ್ತಿಲು ದಾಟಿದೆ. ಸೆರಗು ಸಿಕ್ಕಿಸಲು ಹೋದಾಗ ಸೀರೆಯ ಮೇಲೆ ಹಳದಿ ಗೆರೆ. ಅಂಗೈ ತಿರುಗಿಸಿ ನೋಡಿದೆ. ತೊಳೆದ ಕೈಯೇ, ಆದರೆ ಎಡ ಅಂಗೈಯೆಲ್ಲ ಅರಿಶಿನ.

ಅರಿಶಿನವನ್ನು ನಾನು ಮುಟ್ಟಿರಲಿಲ್ಲ.

ತಿರುಗಿ ಹೋಗಿ ಚೊಂಬನ್ನು ನೋಡಿದೆ. ಬೆಳಿಗ್ಗೆ ನಾನೇ ಬೆಳಗಿ ಹೊಳಪೇರಿಸಿದ ಕತ್ತಿನ ಸುತ್ತ ಅತ್ತೆಯವರ ಬೆರಳುಗಳು ಅಚ್ಚು ಹೊಡೆದಂತೆ ಕೂತಿದ್ದವು. ನಾವೆಲ್ಲರೂ ಕೈ ತೊಳೆಯಲು ಅದನ್ನು ಹಿಡಿಯುತ್ತಿದ್ದೆವು. ಹಿಡಿಯುವಾಗ ಕೈ ತೊಳೆದಿರುತ್ತಿರಲಿಲ್ಲ. ಹಿತ್ತಲಿನ ಕೈ, ಕಕ್ಕಿದ್ದನ್ನು ಬಳಿದ ಕೈ, ಮಗುವಿನ ಕೈ, ಎಲ್ಲವೂ ಆ ಕತ್ತಿನ ಮೇಲೆ. ತೊಳೆದ ಮೇಲೆ ಮಣೆಗೆ ಇಡಲು ಮತ್ತೆ ಅದನ್ನೇ ಹಿಡಿಯುತ್ತಿದ್ದೆವು. ನಾನು ಹೆಚ್ಚು ತೊಳೆದೆ. ಆದ್ದರಿಂದ ನಾನೇ ಹೆಚ್ಚು ಹಿಡಿದೆ. ಆ ದಿನಗಳಲ್ಲಿ ಚೊಂಬು ಮುಟ್ಟುವಂತಿಲ್ಲದ ಜೀವ ಇಡೀ ಮನೆಯಲ್ಲಿ ಒಂದೇ. ನಾವು ಮೈಲಿಗೆಯೆಂದು ಜಗಲಿಯಲ್ಲಿ ಕೂರಿಸಿದ್ದೆವಲ್ಲ, ಅವಳು. ಅವಳ ಊರಿನ ದಂಬೆಯ ಹಾಗೆ ನಾವೇ ಮೇಲಿನಿಂದ ಅವಳ ಕೈಗೆ ನೀರು ಬಿಟ್ಟಿದ್ದೆವು.

ನನಗಾದ ಸಂತೋಷವನ್ನು ಹೇಗೆ ಹೇಳಲಿ! ಅಲ್ಲೇ ದೇವರಿಗೆ ಕೈಮುಗಿದೆ. ಕೂಡಲೇ ಚೊಂಬನ್ನು ಹಾಗೆಯೇ ಎತ್ತಿಕೊಂಡು ಅತ್ತೆಯವರ ಬಳಿ ಹೋದೆ.

“ಅತ್ತೇರೇ, ನನ್ನ ಕೈ ನೋಡಿ. ಈಗಷ್ಟೇ ತೊಳೆದ ಕೈ.”

“ಅರಿಶಿನ ಮುಟ್ಟಿದ್ದೀ.”

“ನಾನು ಮುಟ್ಟಿಲ್ಲ. ನೀವು ಮುಟ್ಟಿದ್ರಿ. ಇದು ಚೊಂಬಿನಿಂದ ಬಂದದ್ದು.”

ನಾನು ಪಾಠ ಒಪ್ಪಿಸುವಂತೆ ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದೆ. ಅತ್ತೆಯವರು ಚೊಂಬನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದು ಅವರ ಅತ್ತೆಯ ಕಾಲದ್ದು.

“ಹಂಗಾರೆ ಇಷ್ಟು ವರ್ಷ ಮಡಿ ಮಾಡಿದ್ದು ಏನು?”

“ಮಡಿ ತಪ್ಪಲ್ಲ ಅತ್ತೇರೇ. ತೊಳೆಯೋದೂ ತಪ್ಪಲ್ಲ. ಹಿಡಿಯೋದು ತಪ್ಪು.”

“ಹುಂ. ಮತ್ತೆ ಆ ಹುಡುಗಿಗೆ ಯಾಕೆ ಬರಲಿಲ್ಲ ಅಂತೀ?”

ಈ ಪ್ರಶ್ನೆಗಾಗಿಯೇ ನಾನು ಕಾದಿದ್ದೆ. “ಅವಳು ಹೊರಗಿದ್ದಳಲ್ಲ. ಚೊಂಬು ಮುಟ್ಟಲಿಲ್ಲ. ಅಷ್ಟೇ. ಕೈಗುಣ ಏನೂ ಅಲ್ಲ.”

ಕೊನೆಯ ಮಾತಿನಲ್ಲಿ ನನ್ನ ದನಿ ಏರಿತು. ಅತ್ತೆಯವರು ಚೊಂಬಿನಿಂದ ಕಣ್ಣೆತ್ತಿ ನನ್ನ ಮುಖವನ್ನು ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು: “ನೀನು ಓದಿದವಳು, ಸರಿಯಾಗೇ ಕಂಡಿದ್ದೀ. ಇನ್ಮೇಲೆ ಈ ಮನೇಲಿ ಯಾರೂ ಚೊಂಬು ಮುಟ್ಟೋದು ಬೇಡ. ನಿನ್ನಷ್ಟು ಇದನ್ನ ತಿಳಿದವರು ಇನ್ನೊಬ್ಬರಿಲ್ಲ. ನೀನೇ ಹೊಸ್ತಿಲಲ್ಲಿ ನಿಂತು ಎಲ್ಲರ ಕೈಗೂ ನೀರು ಹಾಕು.”

“ಮತ್ತೆ ನವರಾತ್ರಿ ಅಡುಗೆ?”

“ಚೊಂಬು ಹಿಡಿದವಳು ಸೌಟು ಹೆಂಗೆ ಹಿಡೀತೀ? ಒಬ್ಬರು ನೀರು ಹಾಕಿದ್ರೆ ಇನ್ನೊಬ್ಬರು ಅಡುಗೆ ಮಾಡ್ಬೇಕಲ್ಲ.”

ನನ್ನ ತರ್ಕವನ್ನೇ ಹಗ್ಗ ಮಾಡಿ ನನ್ನನ್ನು ಹೊಸ್ತಿಲಿಗೆ ಕಟ್ಟಿದರು. ಅವರು ನನ್ನ ಮುಖದಲ್ಲಿ ಏನು ಕಂಡರೋ, ಅಥವಾ ನಿಜವಾಗಿ ಅಷ್ಟೇ ಯೋಚಿಸಿದರೋ, ಇಂದಿಗೂ ನಾನರಿಯೆ. ನವರಾತ್ರಿಯ ಪಾಡ್ಯದ ಹೊತ್ತಿಗೆ ಅವಳು ಹೊರಗಾಗಬಹುದೆಂದು ಒಂದು ಆಸೆ ಉಳಿದಿತ್ತು. ದೇವಿ ಅದನ್ನೂ ನಡೆಸಿಕೊಡಲಿಲ್ಲ. ಅವಳು ಮಹಾಲಯ ಅಮಾವಾಸ್ಯೆಗೆ ಮುಂಚೆಯೇ ಹೊರಗಾಗಿ, ಮಿಂದು ಒಳಗೆ ಬಂದು, ಪಾಡ್ಯದ ನಸುಕಿನಲ್ಲಿ ಒದ್ದೆಸೀರೆಯುಟ್ಟು ನನ್ನ ಮುಂದೆ ಕೈ ಒಡ್ಡಿ ನಿಂತಳು.

“ಹಾಕಿ ಅಕ್ಕಯ್ಯ. ನಿಮ್ಮ ನೀರಿಲ್ಲದೆ ನಾನು ಒಲೆ ಹತ್ರ ಹೋಗೋ ಹಾಗಿಲ್ಲವಂತೆ.”

ಹಾಕಿದೆ. ಷೋಡಶೋಪಚಾರದಲ್ಲಿ ದೇವರ ಪಾದಕ್ಕೆ ಪಾದ್ಯ, ದೇವರ ಹಸ್ತಕ್ಕೆ ಅರ್ಘ್ಯ. ಅರ್ಘ್ಯವೆಂದರೆ ಕೈಗೆ ಕೊಡುವ ನೀರು ಎಂದು ತಂದೆಯವರು ಹೇಳಿಕೊಟ್ಟದ್ದು ನೆನಪಾಯಿತು. ನಾನು ಪಾಕ ಮಾಡಿ ದೇವಿಗೆ ಅರ್ಪಿಸಬೇಕೆಂದಿದ್ದವಳು, ಸೊರಬದ ಹುಡುಗಿಗೆ ದಿನವೂ ಅರ್ಘ್ಯ ಕೊಡುವವಳಾದೆ. ಆ ಕೈಗಳನ್ನು ನಾನು ನೋಡಿದಷ್ಟು ಅವಳ ಗಂಡನೂ ನೋಡಿರಲಾರ. ಸಣ್ಣ ಮಣಿಕಟ್ಟು, ಉದ್ದ ಬೆರಳು, ಉಗುರಿನ ಬುಡದಲ್ಲಿ ಬಿಳಿಯ ಅರ್ಧಚಂದ್ರ. ಒಂದು ದೋಷ ಸಿಕ್ಕೀತೇ ಎಂದು ಹುಡುಕಿದೆ. ಸಿಗಲಿಲ್ಲ. ಅಂದಿನ ನೈವೇದ್ಯದ ಪಾಯಸವನ್ನು ಉಂಡವರೆಲ್ಲ ಕಣ್ಣು ಮುಚ್ಚಿಕೊಂಡು ಸವಿದರು. ನಾನೂ ಉಂಡೆ. ಬೆಲ್ಲ ಒಂದು ಚೂರು ಹೆಚ್ಚಾಗಿದೆ ಎಂದುಕೊಂಡೆ. ಆದರೂ ಇನ್ನೊಮ್ಮೆ ಬಡಿಸಿಕೊಂಡೆ.

ಮರುವರ್ಷದ ಮಳೆಗಾಲದಲ್ಲಿ ಬೀದಿಗೆ ಬೇನೆ ಮತ್ತೆ ಬಂತು. ಎಡಬಲದ ಮನೆಗಳಲ್ಲಿ ಎಲ್ಲರೂ ಮಲಗಿದರು. ನಮ್ಮಲ್ಲಿ ಬಿದ್ದದ್ದು ಇಬ್ಬರೇ, ನನ್ನ ಮಗಳು ಮತ್ತು ನಾನು. ಡಾಕ್ಟರು ಬಂದಾಗ ನಾನು ಮಲಗಿದಲ್ಲಿಂದಲೇ ಜಗಳಕ್ಕೆ ಬಿದ್ದವಳಂತೆ ಕೇಳಿದೆ: “ಕೈ ತೊಳೆದರೆ ಬರೋದಿಲ್ಲ ಅಂದಿರಿ. ಚೊಂಬನ್ನೂ ಯಾರೂ ಮುಟ್ಟಲಿಲ್ಲ. ನನಗೆ ಹೇಗೆ ಬಂತು?”

“ಬರೋದೇ ಇಲ್ಲ ಅಂತ ಯಾವಾಗ ಹೇಳಿದೆ ತಾಯಿ? ಕಡಿಮೆ ಆಗ್ತದೆ. ಕೈ ತೊಳೆಯೋದು ಬಾಗಿಲಿಗೆ ಚಿಲಕ ಹಾಕಿದ ಹಾಗೆ. ಮಗು ನಿಮ್ಮ ಮುಖಕ್ಕೇ ಕಕ್ಕಿದ್ರೆ ಚಿಲಕ ಏನು ಮಾಡ್ತದೆ? ಅದನ್ನ ಬಳಿದವರು ಯಾರು?”

“ನಾನೇ.”

“ಮತ್ತೆ? ಉಳಿದವರು ಉಳಿದ್ರಲ್ಲ, ಅದನ್ನ ನೋಡಿ. ಇನ್ನೊಂದು ಮಾತು. ವಾಸಿಯಾಯ್ತು, ಸ್ನಾನ ಆಯ್ತು ಅಂತ ಕೂಡಲೇ ಎಲ್ಲರ ನಡುವೆ ಓಡಾಡಬೇಡಿ. ಬ್ಯಾನೆ ಹೋದ ಮೇಲೂ ಅದರ ಕ್ರಿಮಿ ಕೆಲವು ದಿನ ಮೈಯೊಳಗೇ ಇರ್ತದೆ.”

ಈಗ ನನ್ನ ಮೊಮ್ಮಕ್ಕಳು ಅದನ್ನು ವೈರಸ್ ಎನ್ನುತ್ತಾರೆ. ಅವರು ನಲ್ಲಿ ತಿರುಗಿಸಿ ಕೈ ತೊಳೆದು, ಅದೇ ನಲ್ಲಿಯನ್ನು ಅದೇ ಬೆರಳಿನಿಂದ ಮುಚ್ಚುವಾಗ ನಾನು ಹೇಳದೆ ಇರಲಾರೆ. ಅಜ್ಜಿಗೆ ಮಡಿಯ ಹುಚ್ಚು ಎಂದು ನಗುತ್ತಾರೆ.

ಅಂದು ಡಾಕ್ಟರ ಮಾತು ಕೇಳಿದ ಮೇಲೆ, ನಮ್ಮ ಮನೆ ಉಳಿದದ್ದಕ್ಕೆ ನಾನು ಹಿಡಿದ ಚೊಂಬೂ ಒಂದು ಕಾರಣವೆಂದು ಯಾರಾದರೂ ಹೇಳಿಯಾರು ಎಂದು ಕಾದೆ. ಹೊರಗೆ ಜಗಲಿಯಲ್ಲಿ ಅತ್ತೆಯವರು ಪಕ್ಕದ ಮನೆಯವರಿಗೆ ಹೇಳುತ್ತಿದ್ದುದು ಕೇಳಿಸಿತು: “ನಮ್ಮ ಕಿರೇ ಸೊಸೆ ಕೈಗುಣ ರೀ. ಅವಳು ಒಲೆ ಮುಂದೆ ನಿಂತಮೇಲೆ ನಮ್ಮನೇಲಿ ಬ್ಯಾನೆ ಹರಡೋದೇ ನಿಂತುಹೋಯ್ತು.”

ಕಣ್ಣು ಮುಚ್ಚಿಕೊಂಡೆ.

ಸ್ವಲ್ಪ ಎದ್ದು ಓಡಾಡುವಂತಾದ ದಿನ ಅಭ್ಯಾಸಬಲದಿಂದ ಹೊಸ್ತಿಲ ಬಳಿ ಹೋಗಿ ಚೊಂಬಿಗೆ ಕೈಚಾಚಿದೆ. ಅವಳು ಒಳಗಿನಿಂದ ಓಡಿ ಬಂದು ಅದನ್ನು ನನಗಿಂತ ಮೊದಲೇ ಎತ್ತಿಕೊಂಡಳು.

“ಮುಟ್ಟಬೇಡಿ ಅಕ್ಕಯ್ಯ. ಡಾಕ್ಟ್ರು ಹೇಳಿದ್ದು ಕೇಳಿಲ್ವಾ? ನೀವೇ ಮಾಡಿದ ಕಾಯ್ದೆ ನಿಮಗಿಲ್ವಾ? ಕೈ ಒಡ್ಡಿ.”

“ನನಗೇನೂ ಬೇಡ.”

“ಹೊರಗೆ ಕೂತಾಗ ನಿಮ್ಮ ಕೈಯಿಂದ ಎಷ್ಟು ಸಲ ಹಾಕಿಸ್ಕೊಂಡಿಲ್ಲ ನಾನು! ಒಂದು ಸಲ ನೀವು ಹಾಕಿಸ್ಕೊಂಡ್ರೆ ಸವೆದು ಹೋಗೋದಿಲ್ಲ. ಒಡ್ಡಿ ಅಂದೆ.”

ಬಚ್ಚಲಕಲ್ಲಿನ ಮುಂದೆ ಬಗ್ಗಿ ನಿಂತು ಕೈ ಒಡ್ಡಿದೆ. ಅವಳು ಚೊಂಬನ್ನು ಓರೆ ಮಾಡಿದಳು. ನಾನು ಅಷ್ಟು ತಿಂಗಳು ನೀರು ಎರೆದಿದ್ದೆ. ನನ್ನ ಚೊಂಬಿನಿಂದ ನೀರು ಒಮ್ಮೆ ದಪ್ಪಗೆ, ಒಮ್ಮೆ ತುಂಡಾಗಿ, ಮೊಣಕೈವರೆಗೂ ಸಿಡಿಯುತ್ತ ಬೀಳುತ್ತಿತ್ತು. ಅವಳ ಕೈಯಿಂದ ಒಂದೇ ತೆಳುವಾದ ಎಳೆ, ದಂಬೆಯ ನೀರಿನ ಹಾಗೆ, ಎಲ್ಲಿಯೂ ಕಡಿಯದೆ ನನ್ನ ಬೊಗಸೆಯ ನಟ್ಟನಡುವೆ ಇಳಿಯಿತು. ಒಂದು ಹನಿಯೂ ಹೊರಗೆ ಹಾರಲಿಲ್ಲ.

ಅದನ್ನೂ ನಾನು ಗಮನಿಸಿದೆ.